ಊರನ್ನು ಅರಿತ ವಾಸ್ತುಶಿಲ್ಪಿ

ಚಿತ್ರವೊಂದು ಮೆಚ್ಚುಗೆಯಾಗದಿದ್ದರೆ ನೋಡುವವನು ಮುಖ ತಿರುಗಿಸಿ ಮುಂದೆ ಹೋಗಬಹುದು. ಪುಸ್ತಕವು ರುಚಿಸದಿದ್ದರೆ ಅದನ್ನು ಮುಚ್ಚಿಡಬಹುದು. ಆದರೆ ಬೀದಿಯಲ್ಲಿ ಎದ್ದು ನಿಂತ ಕಟ್ಟಡವನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ. ಅದನ್ನು ಕಟ್ಟಿಸಿದವನು ತೀರಿಹೋದ ಮೇಲೂ ಅದು ನಿಂತೇ ಇರುತ್ತದೆ. ಆ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬರೂ ದಿನವೂ ಅದನ್ನು ನೋಡಲೇಬೇಕು. ಅದು ನೆರೆಮನೆಗೆ ಬೆಳಕನ್ನು ಬಿಡಬಹುದು, ಇಲ್ಲವೆ ತಡೆಯಬಹುದು. ಬೀದಿಗೆ ಶೋಭೆಯನ್ನು ತರಬಹುದು, ಇಲ್ಲವೆ ಬೀದಿಯನ್ನೇ ಕೆಡಿಸಬಹುದು. ಆದುದರಿಂದ ವಾಸ್ತುಶಿಲ್ಪಿಯ ಹೊಣೆಯು ಇತರ ಕಲಾವಿದರ ಹೊಣೆಗಿಂತ ಒಂದು ತೂಕ ಹೆಚ್ಚಿನದು. ಈ ಹೊಣೆಯನ್ನು ಬಾಳಿನುದ್ದಕ್ಕೂ ಮರೆಯದೆ ನಡೆದವರಲ್ಲಿ ಸ್ವಿಟ್ಜರ್ಲೆಂಡಿನ ಲುಯಿಜಿ ಸ್ನೋಟ್ಸಿಯವರು ಒಬ್ಬರು.

ಸ್ನೋಟ್ಸಿಯವರು 1932ರಲ್ಲಿ ಮೆಂದ್ರೀಸಿಯೊ ಎಂಬ ಊರಿನಲ್ಲಿ ಜನಿಸಿದರು. ಜ್ಯೂರಿಕ್ ನಗರದ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಅಭ್ಯಾಸಮಾಡಿ 1957ರಲ್ಲಿ ಪದವೀಧರರಾದರು. ಮರುವರ್ಷವೇ ಲೊಕಾರ್ನೊ ಪಟ್ಟಣದಲ್ಲಿ ತಮ್ಮ ಕಚೇರಿಯನ್ನು ತೆರೆದರು. ಮುಂದೆ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಅನೇಕ ವರ್ಷ ದುಡಿದರು. ಜಗತ್ತಿನ ಮಹಾನಗರಗಳಲ್ಲಿ ಮುಗಿಲು ಮುಟ್ಟುವ ಸೌಧಗಳನ್ನು ಕಟ್ಟಿ ಅವರು ಹೆಸರು ಗಳಿಸಲಿಲ್ಲ. ಅವರ ಕೀರ್ತಿಗೆ ಮುಖ್ಯ ಕಾರಣವಾದುದು ಬೆಟ್ಟದ ಬುಡದ ಒಂದು ಚಿಕ್ಕ ಹಳ್ಳಿ.

ಸ್ನೋಟ್ಸಿಯವರ ನಾಡಿನ ಹೆಸರು ಟಿಚಿನೊ. ಇದು ಸ್ವಿಟ್ಜರ್ಲೆಂಡಿನ ದಕ್ಷಿಣಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಇಳಿಜಾರಿನಲ್ಲಿರುವ ಪ್ರಾಂತ. ಇಲ್ಲಿಯ ಜನರ ಭಾಷೆ ಇಟಾಲಿಯನ್. ಕಡಿದಾದ ಬೆಟ್ಟಗಳು, ಅವುಗಳ ನಡುವೆ ಹರಿಯುವ ಟಿಚಿನೊ ನದಿ, ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹಬ್ಬಿದ ದ್ರಾಕ್ಷಿಯ ತೋಟಗಳು, ಬೂದುಬಣ್ಣದ ಕಲ್ಲಿನಿಂದ ಕಟ್ಟಿ ಕಲ್ಲುಚಪ್ಪಡಿಗಳನ್ನೇ ಹೊದಿಸಿದ ಹಳೆಯ ಮನೆಗಳು, ಇವು ಈ ನಾಡಿನ ಲಕ್ಷಣಗಳು. ಇಲ್ಲಿ ಸಮತಟ್ಟಾದ ನೆಲವು ಬಹಳ ಕಡಮೆ. ಹಿಂದಿನ ಕಾಲದ ಜನರು ಬೇಸಾಯದ ನೆಲವನ್ನು ಉಳಿಸಿಕೊಳ್ಳಲು ಮನೆಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡು ಬಾಳಿದರು. ಆದರೆ ಎರಡನೆಯ ಮಹಾಯುದ್ಧದ ಅನಂತರ ನಾಡಿಗೆ ಸಂಪತ್ತು ಬಂದಿತು, ಮೋಟಾರುಗಳು ಬಂದವು, ಹೆದ್ದಾರಿಗಳು ಬಂದವು. ಆಲ್ಪ್ಸ್ ಪರ್ವತವನ್ನು ಕೊರೆದು ಮಾಡಿದ ಗಾಟ್ಹಾರ್ಡ್ ರಸ್ತೆ ಸುರಂಗವು 1980ರಲ್ಲಿ ತೆರೆಯಿತು. ಬಯಲಿನ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ಮನೆಗಳು ಚೆಲ್ಲಾಪಿಲ್ಲಿಯಾಗಿ ಎದ್ದವು. ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದಂತಾಯಿತು.

ಸ್ನೋಟ್ಸಿಯವರು ತಮ್ಮ ಕಟ್ಟಡಗಳಿಗೆ ಆರಿಸಿಕೊಂಡ ಸಾಮಗ್ರಿ ಕಾಂಕ್ರೀಟು. ಸಿಮೆಂಟು, ಮರಳು, ಜಲ್ಲಿ, ನೀರು ಇವುಗಳನ್ನು ಕಲಸಿ, ಹಲಗೆಗಳಿಂದ ಮಾಡಿದ ಅಚ್ಚಿನೊಳಗೆ ಸುರಿದು ಗಟ್ಟಿಯಾಗಲು ಬಿಟ್ಟರೆ ಕಾಂಕ್ರೀಟು ಸಿದ್ಧವಾಗುತ್ತದೆ. ಒಳಗೆ ಕಬ್ಬಿಣದ ಸರಳುಗಳನ್ನು ಹೆಣೆದಿಟ್ಟರೆ ಅದಕ್ಕೆ ಭಾರವನ್ನು ತಾಳುವ ಶಕ್ತಿಯ ಜೊತೆಗೆ ಎಳೆತವನ್ನು ತಾಳುವ ಶಕ್ತಿಯೂ ಬರುತ್ತದೆ. ಈ ವಿದ್ಯೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹಿರಿಯ ಪರಂಪರೆಯಿದೆ. ರಾಬರ್ಟ್ ಮೈಯಾರ್ ಎಂಬ ಸ್ವಿಸ್ ಎಂಜಿನಿಯರು ಆಳವಾದ ಕಣಿವೆಯೊಂದರ ಮೇಲೆ 90 ಮೀಟರು ಅಗಲದ ಕಮಾನನ್ನು ಕಾಂಕ್ರೀಟಿನಲ್ಲಿ ಎಸೆದು 1930ರಲ್ಲಿ ಸಾಲ್ಗಿನಾಟೋಬೆಲ್ ಸೇತುವೆಯನ್ನು ಪೂರ್ಣಗೊಳಿಸಿದನು. ಭಾರತದ ಚಂಡೀಗಢ ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆ ಕೂಡ ಸ್ವಿಟ್ಜರ್ಲೆಂಡಿನಲ್ಲಿಯೇ ಹುಟ್ಟಿದವನು. ಅಲ್ಲಿಯ ವಿಧಾನಸಭೆ, ಸಚಿವಾಲಯ, ಉಚ್ಚ ನ್ಯಾಯಾಲಯಗಳ ಬರಿಯ ಕಾಂಕ್ರೀಟಿನ ಗೋಡೆಗಳನ್ನು ಇಂದಿಗೂ ಕಾಣಬಹುದು. ಆದರೆ ಒಂದು ಭೇದವಿದೆ. ಚಂಡೀಗಢವು ವಿಶಾಲವಾದ ಬಯಲಿನಲ್ಲಿ ಹೊಸದಾಗಿ ಎದ್ದ ನಗರ. ಸ್ನೋಟ್ಸಿಯವರ ಪಾಲಿಗೆ ಬಂದುದಾದರೋ ಶತಮಾನಗಳಿಂದ ಜನ ಬಾಳಿದ ಹಳೆಯ ಊರಿನೊಳಗೆ ಹೊಸದನ್ನು ಕಟ್ಟುವ ಕೆಲಸ.

ಸಾಮಾನ್ಯವಾಗಿ ಕಾಂಕ್ರೀಟಿನ ಮೇಲೆ ಗಾರೆ ಬಳಿದು, ಬಣ್ಣ ಹಚ್ಚಿ ಅದನ್ನು ಮರೆಮಾಡುವುದು ವಾಡಿಕೆ. ಸ್ನೋಟ್ಸಿಯವರು ಹಾಗೆ ಮಾಡಲಿಲ್ಲ. ಅವರ ಗೋಡೆಗಳಿಗೆ ಗಾರೆಯಿಲ್ಲ, ಬಣ್ಣವಿಲ್ಲ, ಅಲಂಕಾರದ ಪಟ್ಟಿಗಳಿಲ್ಲ. ಅಚ್ಚಿನ ಹಲಗೆಗಳನ್ನು ತೆಗೆದಾಗ ಗೋಡೆಯು ಹೇಗೆ ಕಂಡಿತೋ ಹಾಗೆಯೇ ಅದು ಉಳಿಯುತ್ತದೆ. ಇಂತಹ ಕೆಲಸವು ನೋಡಲು ಸರಳ, ಮಾಡಲು ಕಷ್ಟ. ಗಾರೆಯ ಕೆಳಗೆ ಕುಂದುಗಳನ್ನು ಅಡಗಿಸಬಹುದು. ಬರಿಯ ಕಾಂಕ್ರೀಟಿನಲ್ಲಿ ಅಡಗಿಸಲು ಎಡೆಯಿಲ್ಲ. ಹಲಗೆ ಓರೆಯಾದರೆ ಗೆರೆಯೂ ಓರೆಯಾಗುತ್ತದೆ. ಕಲಸು ಸರಿಯಾಗಿ ತುಂಬದಿದ್ದರೆ ಗೋಡೆಯಲ್ಲಿ ತೂತುಗಳು ಉಳಿಯುತ್ತವೆ. ಅಚ್ಚು ಕಟ್ಟುವ ಬಡಗಿಯಿಂದ ಹಿಡಿದು ಕಾಂಕ್ರೀಟು ಸುರಿಯುವ ಕೂಲಿಯವನವರೆಗೆ ಎಲ್ಲರೂ ತಮ್ಮ ಕೆಲಸವನ್ನು ಎಚ್ಚರದಿಂದ ಮಾಡಿದಾಗ ಮಾತ್ರ ಆ ಗೋಡೆಗೆ ಗಾಂಭೀರ್ಯ ಬರುತ್ತದೆ.

ಸ್ನೋಟ್ಸಿಯವರ ಮನೋಧರ್ಮವನ್ನು ತಿಳಿಯಲು ಮಿನೂಸಿಯೊ ಎಂಬ ಊರಿನಲ್ಲಿ 1970ರ ದಶಕದ ನಡುವಿನಲ್ಲಿ ಅವರು ಕಟ್ಟಿದ ಒಂದು ಚಿಕ್ಕ ಮನೆಯನ್ನು ನೋಡಬೇಕು. ಅದಕ್ಕೆ ಕಾಲ್ಮನ್ ಮನೆ ಎಂದು ಹೆಸರು. ಮಜ್ಜೋರೆ ಸರೋವರದ ಮೇಲಣ ಕಡಿದಾದ ಇಳಿಜಾರಿನಲ್ಲಿ ಅದರ ನಿವೇಶನವಿದೆ. ಇಂತಹ ಸ್ಥಳದಲ್ಲಿ ನೆಲವನ್ನು ಅಗೆದು ಸಮಮಾಡಿ, ತನಗೆ ಬೇಕಾದ ಆಕಾರದ ಮನೆಯನ್ನು ಅಲ್ಲಿ ತಂದಿರಿಸುವುದು ಸುಲಭದ ದಾರಿ. ಸ್ನೋಟ್ಸಿಯವರು ನೆಲದ ಏರಿಳಿತವನ್ನೇ ಗುರುವಾಗಿ ಸ್ವೀಕರಿಸಿದರು. ಮನೆಯು ಕಿರಿದಾಗಿ, ಎತ್ತರವಾಗಿ ಬೆಟ್ಟಕ್ಕೆ ಒರಗಿ ನಿಂತಿದೆ. ಅದರ ಒಂದು ಗೋಡೆಯು ಇಳಿಜಾರಿನ ಬಾಗನ್ನು ಅನುಸರಿಸಿ ಬಾಗುತ್ತದೆ. ಹೊರಗಿನ ಜಗಲಿಯು ಬೆಟ್ಟದ ಮೈಯುದ್ದಕ್ಕೂ ಸಾಗಿ ಕೊನೆಯಲ್ಲಿ ಒಂದು ಚಪ್ಪರವನ್ನು ಸೇರುತ್ತದೆ. ಅಲ್ಲಿ ಕುಳಿತವರ ಮುಂದೆ ಸರೋವರವು ತೆರೆದುಕೊಳ್ಳುತ್ತದೆ. ಮನೆಯಲ್ಲಿ ಬೆಲೆಬಾಳುವ ವಸ್ತುವೆಂಬುದು ಯಾವುದೂ ಇಲ್ಲ. ಆದರೂ ಆ ಸ್ಥಳದ ಗುಣವು ಮನೆ ಕಟ್ಟಿದ ಮೇಲೆ ಇನ್ನಷ್ಟು ಸ್ಪಷ್ಟವಾಗಿ ತೋರುತ್ತದೆ.

ಇನ್ನು ಅವರ ಮಹತ್ಕಾರ್ಯವಾದ ಮೊಂಟೆ ಕರಾಸ್ಸೊ ಹಳ್ಳಿಯ ವಿಷಯ. ಈ ಹಳ್ಳಿಯು ಟಿಚಿನೊ ಪ್ರಾಂತದ ರಾಜಧಾನಿಯಾದ ಬೆಲ್ಲಿಂಜೋನ ನಗರದ ಸಮೀಪದಲ್ಲಿ, ನದಿಯ ಆಚೆಯ ದಡದಲ್ಲಿದೆ. ಹಳ್ಳಿಯ ನಡುವೆ ಹದಿನೈದನೆಯ ಶತಮಾನದಷ್ಟು ಹಳೆಯದಾದ ಒಂದು ಸಂನ್ಯಾಸಿನಿಯರ ಮಠವಿತ್ತು. 1857ರಲ್ಲಿ ಸರಕಾರವು ಆ ಮಠವನ್ನು ಮುಚ್ಚಿತು. ಅನಂತರ ಕಟ್ಟಡವು ಹಲವರ ಪಾಲಾಯಿತು. ಅಲ್ಲಲ್ಲಿ ಒಡೆದು, ಅಲ್ಲಲ್ಲಿ ಸೇರಿಸಿ, ಜನರು ಅದನ್ನು ತಮತಮಗೆ ಬೇಕಾದಂತೆ ಬಳಸಿಕೊಂಡರು. ನೂರು ವರ್ಷಗಳು ಕಳೆಯುವಷ್ಟರಲ್ಲಿ ಮಠದ ಮೂಲರೂಪವೇ ಮರೆಯಾಗಿತ್ತು. ಹಳ್ಳಿಯ ಹೃದಯದಲ್ಲಿದ್ದುದು ಶಿಥಿಲವಾದ ಗೋಡೆಗಳು. ಹಳ್ಳಿಯ ಅಂಚಿನಲ್ಲಿ ಬೆಳೆಯುತ್ತಿದ್ದುದು ಚದುರಿದ ಹೊಸ ಮನೆಗಳು. ಇನ್ನು ಕೆಲವು ವರ್ಷಗಳಲ್ಲಿ ಮೊಂಟೆ ಕರಾಸ್ಸೊ ಪಕ್ಕದ ನಗರದ ಒಂದು ಹೆಸರಿಲ್ಲದ ಬಡಾವಣೆಯಾಗುವ ಲಕ್ಷಣಗಳು ತೋರುತ್ತಿದ್ದವು.

ಆ ಹೊತ್ತಿಗೆ ಹಳ್ಳಿಗೆ ಒಂದು ಪ್ರಾಥಮಿಕ ಶಾಲೆಯು ಬೇಕಾಯಿತು. ಹಿಂದಿನ ಯೋಜನೆಯಲ್ಲಿ ಶಾಲೆಗೆಂದು ಗೊತ್ತುಮಾಡಿದ್ದ ಸ್ಥಳವು ಊರಿನ ಹೊರಗಿತ್ತು. 1970ರ ದಶಕದ ಕೊನೆಯಲ್ಲಿ ಹಳ್ಳಿಯವರು ಸ್ನೋಟ್ಸಿಯವರನ್ನು ಕರೆಸಿದರು. ಅವರು ಊರನ್ನೆಲ್ಲ ಸುತ್ತಿ ನೋಡಿ, ಶಾಲೆಯು ಊರ ಹೊರಗೆ ಹೋಗಬಾರದು, ಹಾಳುಬಿದ್ದ ಮಠವೇ ಶಾಲೆಯಾಗಬೇಕು ಎಂದು ಸೂಚಿಸಿದರು. ಇದು ಕೇವಲ ಸ್ಥಳದ ಪ್ರಶ್ನೆಯಾಗಿರಲಿಲ್ಲ. ಊರ ಹೊರಗೆ ಶಾಲೆಯಾದರೆ ಮಕ್ಕಳೂ ತಾಯಿತಂದೆಯರೂ ದಿನವೂ ಹೊರಗೆ ಹೋಗುತ್ತಾರೆ. ನಡುವಿನ ಊರು ಬರಿದಾಗುತ್ತದೆ. ಊರ ನಡುವೆ ಶಾಲೆಯಾದರೆ ಬೆಳಗೂ ಸಂಜೆಯೂ ಅಲ್ಲಿ ಮಕ್ಕಳ ಸದ್ದು ಕೇಳುತ್ತದೆ. ಊರಿಗೆ ಮತ್ತೆ ಒಂದು ಕೇಂದ್ರವು ದೊರೆಯುತ್ತದೆ. ಹಳ್ಳಿಯವರು ಈ ಮಾತನ್ನು ಒಪ್ಪಿಕೊಂಡರು. ಇದಕ್ಕಾಗಿ ಊರಿನ ಯೋಜನೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಕೆಲಸವು ಹಂತಹಂತವಾಗಿ ನಡೆದು 1993ರ ವೇಳೆಗೆ ಮಠವು ಶಾಲೆಯಾಗಿ ಪರಿವರ್ತನೆ ಹೊಂದಿತು.

ಮಠವನ್ನೂ ಚರ್ಚನ್ನೂ ಒಳಗೊಂಡ ನಡುಭಾಗವನ್ನು ಸುತ್ತಿ ಬರುವಂತೆ ಸ್ನೋಟ್ಸಿಯವರು ಒಂದು ರಸ್ತೆಯನ್ನು ಕಲ್ಪಿಸಿದರು. ದೇವಾಲಯದ ಸುತ್ತಲಿನ ಪ್ರದಕ್ಷಿಣಪಥದಂತೆ ಈ ರಸ್ತೆಯು ಊರಿನ ಕೇಂದ್ರಕ್ಕೆ ಎಲ್ಲೆಯನ್ನು ಹಾಕಿತು. ಅದರ ಆಚೀಚೆ ಕೆಲವು ಹೊಸ ಕಟ್ಟಡಗಳು ಎದ್ದವು. ಅವುಗಳಲ್ಲಿ ವ್ಯಾಯಾಮಶಾಲೆಯನ್ನು ವಿಶೇಷವಾಗಿ ಗಮನಿಸಬೇಕು. ಆಟಗಳನ್ನು ಆಡಲು ಎತ್ತರವಾದ ಒಳಾಂಗಣವು ಬೇಕು. ಆದರೆ ಅಷ್ಟು ಎತ್ತರದ ಕಟ್ಟಡವನ್ನು ಮಠದ ಪಕ್ಕದಲ್ಲಿ ನಿಲ್ಲಿಸಿದರೆ ಮಠವು ಅದರ ನೆರಳಿನಲ್ಲಿ ಕುಗ್ಗಿಹೋಗುತ್ತಿತ್ತು. ಅದಕ್ಕಾಗಿ ವ್ಯಾಯಾಮಶಾಲೆಯ ಒಂದು ಭಾಗವನ್ನು ನೆಲದೊಳಗೆ ಇಳಿಸಲಾಯಿತು. ಹೊಸ ಕಟ್ಟಡವು ಹಿರಿಯರ ಮುಂದೆ ತಲೆತಗ್ಗಿಸಿ ನಿಂತ ಕಿರಿಯನಂತೆ ನಿಂತಿತು. ಮಕ್ಕಳ ಆಟಕ್ಕೆ ಬೇಕಾದ ಎತ್ತರವು ಒಳಗೆ ದೊರೆಯಿತು. ಮಠಕ್ಕೆ ಸಲ್ಲಬೇಕಾದ ಗೌರವವು ಹೊರಗೆ ಉಳಿಯಿತು.

ಹೊಸ ಕಟ್ಟಡಗಳನ್ನು ಹಳೆಯ ಮಠದ ಮಾದರಿಯಲ್ಲಿಯೇ ಏಕೆ ಕಟ್ಟಬಾರದಾಗಿತ್ತು ಎಂಬ ಪ್ರಶ್ನೆಯು ಇಲ್ಲಿ ಏಳುವುದು ಸಹಜ. ಅಂತಹ ಅನುಕರಣವು ಸ್ನೋಟ್ಸಿಯವರಿಗೆ ಒಪ್ಪಿಗೆಯಾಗಲಿಲ್ಲ. ಹೊಸ ಗೋಡೆಗೆ ಹಳೆಯ ವೇಷವನ್ನು ಹಾಕಿದರೆ ನಿಜವಾಗಿ ಹಳೆಯದು ಯಾವುದು ಎಂಬುದು ಮುಂದಿನವರಿಗೆ ತಿಳಿಯದೆ ಹೋಗುತ್ತದೆ. ಹಳೆಯದಕ್ಕೆ ತೋರುವ ಗೌರವವು ಅದರ ವೇಷವನ್ನು ತೊಡುವುದರಲ್ಲಿಲ್ಲ. ಅದಕ್ಕೆ ಎಡೆಮಾಡಿಕೊಡುವುದರಲ್ಲಿ, ಅದರ ಎತ್ತರವನ್ನು ಮೀರದಿರುವುದರಲ್ಲಿ, ಅದು ಕಾಣುವ ದಾರಿಯನ್ನು ತಡೆಯದಿರುವುದರಲ್ಲಿ ಇದೆ. ಈ ನಂಬಿಕೆಯಿಂದ ಅವರು ಹೊಸದನ್ನು ಹೊಸ ಕಾಲದ ಕಾಂಕ್ರೀಟಿನಲ್ಲಿಯೇ ಕಟ್ಟಿದರು. ಆ ನಾಡಿನ ಕಲ್ಲೂ ಬೂದುಬಣ್ಣದ್ದು, ಕಾಂಕ್ರೀಟೂ ಬೂದುಬಣ್ಣದ್ದು. ಇವೆರಡೂ ಒಂದನ್ನೊಂದು ಅಣಕಿಸದೆ ಅಕ್ಕಪಕ್ಕದಲ್ಲಿ ನಿಂತಿವೆ.

ಸ್ನೋಟ್ಸಿಯವರು ಕಟ್ಟಡಗಳ ಜೊತೆಗೆ ಕಾನೂನನ್ನೂ ಸರಳಗೊಳಿಸಿದರು. ಹಳ್ಳಿಯಲ್ಲಿ ಮನೆ ಕಟ್ಟುವವರಿಗೆ ಉದ್ದವಾದ ನಿಯಮಾವಳಿಯೊಂದಿತ್ತು. ಅದರ ಸ್ಥಾನದಲ್ಲಿ ಏಳೇ ಏಳು ನಿಯಮಗಳು ಬಂದವು. ಹಿಂದೆ ಪ್ರತಿಯೊಂದು ಮನೆಯೂ ನಿವೇಶನದ ಎಲ್ಲೆಯಿಂದ ಗೊತ್ತಾದ ಅಂತರವನ್ನು ಬಿಡಬೇಕಾಗಿತ್ತು. ಇದರಿಂದ ಮನೆಯು ನಿವೇಶನದ ನಡುವೆ ಒಂಟಿಯಾಗಿ ನಿಂತು, ಸುತ್ತಲಿನ ನೆಲವು ಯಾವ ಉಪಯೋಗಕ್ಕೂ ಬಾರದ ಪಟ್ಟಿಗಳಾಗಿ ಒಡೆಯುತ್ತಿತ್ತು. ಈ ಕಟ್ಟನ್ನು ಸಡಿಲಿಸಲಾಯಿತು. ಜನರು ಒತ್ತೊತ್ತಾಗಿ ಮನೆ ಕಟ್ಟಲು ಉತ್ತೇಜನ ದೊರೆಯಿತು. ಬೀದಿಯ ಬದಿಯಲ್ಲಿ ಆವರಣದ ಗೋಡೆಯನ್ನು ಎತ್ತರವಾಗಿ ಕಟ್ಟಲು ಅನುಮತಿಯಾಯಿತು; ಇದರಿಂದ ಬೀದಿಗೆ ಹಳೆಯ ಊರಿನ ಬೀದಿಯ ರೂಪವೂ ಮನೆಗೆ ಏಕಾಂತವೂ ಉಂಟಾದವು. ಮಾಡು ಇಂತಹ ಆಕಾರದ್ದೇ ಆಗಬೇಕು, ಗೋಡೆ ಇಂತಹ ಸಾಮಗ್ರಿಯದೇ ಆಗಬೇಕು ಎಂಬ ನಿರ್ಬಂಧವಿರಲಿಲ್ಲ. ಆದರೆ ಯಾವ ಹೊಸ ಕಟ್ಟಡವಾದರೂ ಊರಿನ ರಚನೆಗೆ ಹೊಂದಬೇಕೆಂಬುದು ಮುಖ್ಯ ನಿಯಮವಾಗಿತ್ತು. ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ತಜ್ಞರ ಸಮಿತಿಯೊಂದು ಪ್ರತಿಯೊಂದು ನಕ್ಷೆಯನ್ನೂ ನೋಡಿ ವಿಚಾರಮಾಡುತ್ತಿತ್ತು.

ನಿಯಮವನ್ನು ಬರೆಯುವುದು ಸುಲಭ. ಜನರು ಅದನ್ನು ನಂಬುವಂತೆ ಮಾಡುವುದು ಕಷ್ಟ. ಅಂದಿನ ಮೇಯರ್ ಫ್ಲಾವಿಯೊ ಗ್ವಿದೊತ್ತಿಯವರು ಸ್ನೋಟ್ಸಿಯವರ ವಿಚಾರಗಳಿಗೆ ಬೆಂಬಲವಾಗಿ ನಿಂತರು. ಅಷ್ಟೇ ಅಲ್ಲ, ತಮ್ಮ ಸ್ವಂತ ಮನೆಯನ್ನೂ ಸ್ನೋಟ್ಸಿಯವರಿಂದಲೇ ಕಟ್ಟಿಸಿಕೊಂಡರು. 1984ರ ಸುಮಾರಿಗೆ ಮುಗಿದ ಆ ಮನೆಯು ಒಂದು ಚಿಕ್ಕ ಗೋಪುರದಂತೆ ಕಿರಿದಾದ ನೆಲದಲ್ಲಿ ಎತ್ತರವಾಗಿ ನಿಂತಿದೆ. ಇತರರಿಗೆ ಹೇಳಿದ ಮಾತನ್ನು ಊರಿನ ಮುಖಂಡರು ತಮ್ಮ ಮನೆಯಲ್ಲಿಯೇ ನಡೆಸಿ ತೋರಿಸಿದರು. ಅದೇ ಸುಮಾರಿಗೆ ಊರಿನ ನಡುವೆ ಒಂದು ಸಣ್ಣ ಬ್ಯಾಂಕಿನ ಕಟ್ಟಡವೂ ಎದ್ದಿತು. ಕ್ರಮೇಣ ಇತರರೂ ಮನೆಗಳನ್ನು ಕಟ್ಟಿದರು. ಅವುಗಳೆಲ್ಲ ಸ್ನೋಟ್ಸಿಯವರೇ ರೂಪಿಸಿದವಲ್ಲ. ಆದರೂ ಅವು ಒಂದೇ ಊರಿಗೆ ಸೇರಿದವೆಂಬುದು ನೋಡಿದೊಡನೆ ತಿಳಿಯುತ್ತದೆ.

ಕಟ್ಟುವುದೆಂದರೆ ಇರುವುದನ್ನು ಒಂದಿಷ್ಟು ಕೆಡಿಸುವುದೂ ಹೌದು ಎಂದು ಸ್ನೋಟ್ಸಿಯವರು ತಮ್ಮ ಶಿಷ್ಯರಿಗೆ ಎಚ್ಚರಿಕೆ ನೀಡುತ್ತಿದ್ದರು. ಅಡಿಪಾಯ ತೋಡಿದ ಕೂಡಲೆ ಒಂದು ಹೊಲವೋ ತೋಟವೋ ಹಳೆಯ ಗೋಡೆಯೋ ಇಲ್ಲವಾಗುತ್ತದೆ. ಇದನ್ನು ತಪ್ಪಿಸಲಾಗದು. ಆದುದರಿಂದ ಏನನ್ನು ಕಳೆಯುತ್ತೇವೆ, ಅದರ ಬದಲಾಗಿ ಏನನ್ನು ಕೊಡುತ್ತೇವೆ ಎಂಬ ಲೆಕ್ಕವು ಕಟ್ಟುವವನಿಗೆ ಇರಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಅವರ ಕಟ್ಟಡಗಳ ಸಂಯಮಕ್ಕೆ ಈ ಲೆಕ್ಕವೇ ಮೂಲ. ಅಗತ್ಯವಿಲ್ಲದುದನ್ನು ಅವರು ಕಟ್ಟಲಿಲ್ಲ; ಕಟ್ಟಿದುದಕ್ಕೆ ಅಗತ್ಯವಿಲ್ಲದ ಶೃಂಗಾರವನ್ನು ಮಾಡಲಿಲ್ಲ.

ಈ ಬಗೆಯ ಕಟ್ಟಡಗಳು ಎಲ್ಲರಿಗೂ ಮೆಚ್ಚುಗೆಯಾಗುತ್ತವೆಂದು ಹೇಳಲಾಗದು. ಬಣ್ಣವಿಲ್ಲದ ಬೂದು ಗೋಡೆಯು ಕೆಲವರಿಗೆ ಕಠೋರವಾಗಿ ತೋರುತ್ತದೆ. ಮಳೆಯ ನೀರು ಹರಿದು ಕಾಂಕ್ರೀಟಿನ ಮೇಲೆ ಕಲೆಗಳು ಮೂಡುವುದೂ ಉಂಟು. ಇನ್ನೊಂದು ಮಾತು ಇಂದಿನ ಕಾಲಕ್ಕೆ ಹೆಚ್ಚು ಮುಖ್ಯವಾದುದು. ಜಗತ್ತಿನಲ್ಲಿ ಮನುಷ್ಯನ ಚಟುವಟಿಕೆಗಳಿಂದ ವಾಯುಮಂಡಲವನ್ನು ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7ರಿಂದ 8ರಷ್ಟು ಭಾಗವು ಸಿಮೆಂಟಿನ ತಯಾರಿಕೆಯಿಂದ ಬರುತ್ತದೆ. ಸುಣ್ಣಕಲ್ಲನ್ನು ಸುಡುವಾಗ ಆ ಕಲ್ಲಿನಿಂದಲೂ, ಅದನ್ನು ಸುಡಲು ಉರಿಸುವ ಇಂಧನದಿಂದಲೂ ಈ ಅನಿಲವು ಹೊರಬೀಳುತ್ತದೆ. ಆದುದರಿಂದ ಸ್ನೋಟ್ಸಿಯವರಿಂದ ಕಲಿಯಬೇಕಾದುದು ಎಲ್ಲೆಲ್ಲೂ ಕಾಂಕ್ರೀಟು ಸುರಿಯಬೇಕೆಂಬ ಪಾಠವಲ್ಲ. ಹಳೆಯ ಮಠವನ್ನು ಕೆಡವದೆ ಬಳಸಿಕೊಂಡುದು, ಹೊಲಗಳನ್ನು ನುಂಗದೆ ಊರನ್ನು ಒಳಗಿನಿಂದ ತುಂಬಿದುದು, ಪ್ರತಿಯೊಂದು ಗೋಡೆಗೂ ಕಾರಣವನ್ನು ಕೇಳಿಕೊಂಡುದು, ಇವೇ ಕಲಿಯಬೇಕಾದ ಪಾಠಗಳು. ಸಾಮಗ್ರಿಯು ಮಣ್ಣಾಗಲಿ, ಮರವಾಗಲಿ, ಕಲ್ಲಾಗಲಿ, ಈ ಪಾಠಗಳಿಗೆ ಕುಂದಿಲ್ಲ.

ಸ್ವಿಟ್ಜರ್ಲೆಂಡಿನ ಪರಂಪರಾ ಸಂರಕ್ಷಣ ಸಂಘವು ತನ್ನ ಊರನ್ನು ವಿವೇಕದಿಂದ ಬೆಳೆಸಿದ ಸ್ಥಳೀಯ ಆಡಳಿತಕ್ಕೆ ವಾಕರ್ ಪ್ರಶಸ್ತಿ ಎಂಬ ಗೌರವವನ್ನು ನೀಡುತ್ತದೆ. 1993ರಲ್ಲಿ ಈ ಪ್ರಶಸ್ತಿಯು ಮೊಂಟೆ ಕರಾಸ್ಸೊ ಹಳ್ಳಿಗೆ ದೊರೆಯಿತು. ಹಳೆಯದನ್ನು ಕಾಪಾಡುವ ಸಂಘವೇ ಕಾಂಕ್ರೀಟಿನ ಹೊಸ ಕಟ್ಟಡಗಳಿರುವ ಹಳ್ಳಿಯನ್ನು ಗೌರವಿಸಿದುದು ಅರ್ಥಪೂರ್ಣವಾಗಿದೆ. ದೇಶ ವಿದೇಶಗಳ ವಿದ್ಯಾರ್ಥಿಗಳು ಬೇಸಗೆಯಲ್ಲಿ ಈ ಹಳ್ಳಿಗೆ ಬಂದು ಸ್ನೋಟ್ಸಿಯವರ ಬಳಿ ಅಭ್ಯಾಸಮಾಡಿದರು. 2017ರಲ್ಲಿ ಈ ಹಳ್ಳಿಯು ಆಡಳಿತದ ದೃಷ್ಟಿಯಿಂದ ಬೆಲ್ಲಿಂಜೋನ ನಗರದಲ್ಲಿ ವಿಲೀನವಾಯಿತು. ಆದರೆ ಅದು ಹೆಸರಿಲ್ಲದ ಬಡಾವಣೆಯಾಗಲಿಲ್ಲ. ತನ್ನ ನಡುವಣ ಕೇಂದ್ರವನ್ನು ಉಳಿಸಿಕೊಂಡೇ ಸೇರಿತು. 2018ರಲ್ಲಿ ಸ್ವಿಸ್ ಸರಕಾರವು ಕಲಾಕ್ಷೇತ್ರಕ್ಕಾಗಿ ನೀಡುವ ಮೆರೆ ಒಪ್ಪೆನ್‌ಹೈಮ್ ಪ್ರಶಸ್ತಿಯು ಸ್ನೋಟ್ಸಿಯವರಿಗೆ ಸಂದಿತು. 2020ರ ಡಿಸೆಂಬರಿನಲ್ಲಿ ಅವರು ನಿಧನರಾದರು.

ಒಂದು ಕಟ್ಟಡವನ್ನು ನೋಡುವಾಗ ಅದು ಎಷ್ಟು ಎತ್ತರವಾಗಿದೆ, ಎಷ್ಟು ವೆಚ್ಚವಾಗಿದೆ ಎಂದು ಕೇಳುವುದು ಲೋಕರೂಢಿ. ಸ್ನೋಟ್ಸಿಯವರ ಕೃತಿಗಳು ಬೇರೆ ಪ್ರಶ್ನೆಗಳನ್ನು ಕೇಳಲು ಕಲಿಸುತ್ತವೆ. ಈ ಕಟ್ಟಡವು ಬರುವ ಮೊದಲು ಇಲ್ಲಿ ಏನಿತ್ತು? ಪಕ್ಕದ ಮನೆಯೊಡನೆ ಇದು ಹೇಗೆ ನಿಂತಿದೆ? ಇದರಿಂದ ಬೀದಿಗೆ ಏನು ದೊರೆಯಿತು? ಒಮ್ಮೆ ಹಾಳುಬಿದ್ದಿದ್ದ ಮಠದಲ್ಲಿ ಮಕ್ಕಳು ಪಾಠ ಕಲಿಯುವಂತಾದುದು ಒಬ್ಬ ವಾಸ್ತುಶಿಲ್ಪಿಯು ನಕ್ಷೆಯನ್ನು ಬರೆಯುವ ಮೊದಲು ಊರನ್ನು ನಡೆದು ನೋಡಿದ್ದರಿಂದ.

ಶಬ್ದಾರ್ಥ

ಶೋಭೆ – ಕಾಂತಿ, ಚೆಲುವು
ವಾಡಿಕೆ – ರೂಢಿ
ಎಡೆ – ಸ್ಥಳ, ಅವಕಾಶ
ನಿವೇಶನ – ಮನೆ ಕಟ್ಟುವ ಸ್ಥಳ
ಶಿಥಿಲ – ಸಡಿಲವಾದ, ಜೀರ್ಣವಾದ
ಪ್ರದಕ್ಷಿಣಪಥ – ಗುಡಿಯ ಸುತ್ತ ಬಲಬರುವ ದಾರಿ
ಸಂಯಮ – ಹಿಡಿತ, ಮಿತಿಯನ್ನು ಅರಿತು ನಡೆಯುವಿಕೆ
ಕುಂದು – ಕೊರತೆ, ದೋಷ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸ್ನೋಟ್ಸಿಯವರು ಎಲ್ಲಿ, ಯಾವಾಗ ಜನಿಸಿದರು?
2. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳುಗಳನ್ನು ಏಕೆ ಸೇರಿಸುತ್ತಾರೆ?
3. ಮೊಂಟೆ ಕರಾಸ್ಸೊ ಹಳ್ಳಿಗೆ 1993ರಲ್ಲಿ ದೊರೆತ ಪ್ರಶಸ್ತಿ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಶಾಲೆಯು ಊರ ನಡುವೆಯೇ ಇರಬೇಕೆಂದು ಸ್ನೋಟ್ಸಿಯವರು ಸೂಚಿಸಿದುದರಿಂದ ಊರಿಗೆ ಆದ ಪ್ರಯೋಜನವೇನು?
2. ವ್ಯಾಯಾಮಶಾಲೆಯ ಒಂದು ಭಾಗವನ್ನು ನೆಲದೊಳಗೆ ಇಳಿಸಲು ಕಾರಣವೇನು?
3. ಹಳೆಯದನ್ನು ಅನುಕರಿಸುವುದಕ್ಕೂ ಗೌರವಿಸುವುದಕ್ಕೂ ಇರುವ ಭೇದವನ್ನು ಪಾಠದ ಆಧಾರದಿಂದ ವಿವರಿಸಿರಿ.

ಇ. ಸಂದರ್ಭ ಸಹಿತ ವಿವರಿಸಿರಿ.
1. "ಹೊಸ ಕಟ್ಟಡವು ಹಿರಿಯರ ಮುಂದೆ ತಲೆತಗ್ಗಿಸಿ ನಿಂತ ಕಿರಿಯನಂತೆ ನಿಂತಿತು."
2. "ನಿಯಮವನ್ನು ಬರೆಯುವುದು ಸುಲಭ, ಜನರು ಅದನ್ನು ನಂಬುವಂತೆ ಮಾಡುವುದು ಕಷ್ಟ."

ಈ. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನೂ ಅದರ ಸಮೀಪದ ಒಂದು ಹೊಸ ಕಟ್ಟಡವನ್ನೂ ನೋಡಿ, ಅವು ಒಂದಕ್ಕೊಂದು ಹೊಂದುತ್ತವೆಯೆ ಎಂಬುದನ್ನು ಕುರಿತು ಒಂದು ಪುಟ ಬರೆಯಿರಿ.